ಭಾವನ ಪೆಟ್ಟಿಗೆಯಲ್ಲಿ ಶರಣಪ್ಪನ ಕೈ

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ಮೊದಲು ಕಂಡುಹಿಡಿದವಳು ನಾನು. ನಮ್ಮಕ್ಕ ಅವರನ್ನು ಮದುವೆಯಾಗಿ ಎರಡು ವರ್ಷವಾಗಿದ್ದರೂ ಅವಳಿಗೆ ಇದು ಹೊಳೆದಿರಲಿಲ್ಲ. ಪಾಪ, ಗಂಡಸರೆಲ್ಲ ಹೀಗೇ ಇರುತ್ತಾರೆ ಎಂದುಕೊಂಡಿದ್ದಳು! ಬೆಂಗಳೂರಿನಲ್ಲಿ ಕಂಪ್ಯೂಟರಿಗೆ ಲಿನಕ್ಸ್ ಹಾಕಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಡೋಲಕ್ ಬಾರಿಸುವ ಪೆಟ್ಟಿಗೆಗೆ ಲಿನಕ್ಸ್ ಹಾಕಲು ವರ್ಷಗಟ್ಟಲೆ ಒದ್ದಾಡಿದವರು ಇನ್ನೊಬ್ಬರಿದ್ದರೆ ದಯವಿಟ್ಟು ತಿಳಿಸಿ. ಅವರ ಹೆಂಡತಿಯನ್ನು ನಮ್ಮಕ್ಕನಿಗೆ ಪರಿಚಯ ಮಾಡಿಸಬೇಕು, ಇಬ್ಬರೂ ಕೂತು ಮನಸಾರೆ ಬೈದುಕೊಳ್ಳಲಿ.

ಇಷ್ಟಕ್ಕೇ ನಿಲ್ಲಿಸಿ, ನಿಮ್ಮನ್ನು ನಗಿಸಿ ನಾನು ಎದ್ದು ಹೋಗಬಹುದಿತ್ತು. ಆದರೆ ಆ ಒದ್ದಾಟಕ್ಕೆ ಕಾರಣ ನಾನೇ. ಅದನ್ನು ಮುಚ್ಚಿಟ್ಟು ಭಾವನನ್ನು ಮಾತ್ರ ಹುಚ್ಚರನ್ನಾಗಿ ಮಾಡಿದರೆ ನನಗೆ ನಿದ್ದೆ ಬರುವುದಿಲ್ಲ. ಆದ್ದರಿಂದ ಮೊದಲು ನಗುವ ಭಾಗ ಮುಗಿಸಿಬಿಡುತ್ತೇನೆ.

ಭಾವ ಹಗಲು ಕೆ.ಆರ್. ಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಟ್ಟ ಮೋಟಾರುಗಳನ್ನು ರಿಪೇರಿ ಮಾಡುತ್ತಿದ್ದರು, ಸಂಜೆ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. ಮನೆ ಹಲಸೂರಿನ ವಠಾರವೊಂದರಲ್ಲಿ, ನಾನೂ ಆಗ ಅವರ ಜೊತೆಗೇ ಇದ್ದೆ. ತೊಂಬತ್ತರ ದಶಕದ ನಡುವಿನ ಮಾತು. ಒಂದು ಭಾನುವಾರ ಅಕ್ಕ ಮಿಕ್ಸಿ ಜಾರಿಗೆ ಬುಷ್ ತನ್ನಿ ಎಂದು ಅವರನ್ನು ಶಿವಾಜಿನಗರಕ್ಕೆ ಅಟ್ಟಿದಳು. ಮಧ್ಯಾಹ್ನ ಆಟೋ ಬಂದು ನಿಂತಿತು. ಭಾವ ಇಳಿದರು, ಬರೀ ಬನಿಯನ್ನಿನಲ್ಲಿ. ಅವರ ಅಂಗಿ ಎಲ್ಲಿ ಎಂದರೆ ಆಗ ತಾನೇ ಹುಟ್ಟಿದ ಮಗುವಿಗೆ ಸುತ್ತಿದ ಹಾಗೆ ಒಂದು ಪೆಟ್ಟಿಗೆಗೆ ಸುತ್ತಿಕೊಂಡಿತ್ತು.

"ಇದೇನ್ರೀ?" ಎಂದಳು ಅಕ್ಕ.

"ಸ್ಯಾಂಪ್ಲರ್ ಕಣೆ. ಜಪಾನಿಂದು. ಗುಜರಿಯವನಿಗೆ ಏನೂಂತಾನೇ ಗೊತ್ತಿಲ್ಲ, ತಕ್ಕಡಿ ಅಂತ ಇಟ್ಕೊಂಡಿದ್ದ."

"ಬುಷ್ ಎಲ್ಲಿ?"

"ಬುಷ್ ಮರ್ತೋಯ್ತು. ಇದು ನೋಡು, ಯಾವ ಸದ್ದು ಕೊಟ್ರೂ ಒಳಗೆ ಇಟ್ಕೊಳ್ಳುತ್ತೆ. ಬಟನ್ ಒತ್ತಿದ್ರೆ ಹಾಗೇ ವಾಪಸ್ ಕೊಡುತ್ತೆ."

"ನಾನೂ ಎರಡ್ವರ್ಷದಿಂದ ಒಳಗೇ ಇಟ್ಕೊಂಡಿದೀನಿ," ಎಂದಳು ಅಕ್ಕ. "ಬಟನ್ ಒತ್ಬೇಡಿ."

ಅದಾದ ಮೇಲೆ ಮೂರು ವಾರ ನಮ್ಮಕ್ಕ ಚಟ್ನಿಯನ್ನು ಒರಳುಕಲ್ಲಿನಲ್ಲಿ ರುಬ್ಬಿದಳು. ಆ ರುಬ್ಬುವ ಸದ್ದನ್ನೂ ಭಾವ ಪೆಟ್ಟಿಗೆಗೆ ತುಂಬಿಕೊಂಡರು. ಪೆಟ್ಟಿಗೆಯ ಮೇಲೆ ಹದಿನಾರು ರಬ್ಬರ್ ಚೌಕಗಳು, ಒಂದು ಪುಟ್ಟ ಪರದೆ, ಫ್ಲಾಪಿ ನುಂಗಲು ಒಂದು ಬಾಯಿ. ಮೈಕು ಹಿಡಿದು ಏನು ಕೇಳಿಸಿದರೂ ಅದು ಒಂದು ಚೌಕದೊಳಗೆ ಹೋಗಿ ಕೂರುತ್ತಿತ್ತು. ಕುಕ್ಕರಿನ ಸೀಟಿ, ಸೊಪ್ಪಿನವಳ ಕೂಗು, ನಲ್ಲಿಯಲ್ಲಿ ನೀರು ಬರುವ ಮುಂಚಿನ ಗಾಳಿ, ನನ್ನ ಸೀನು ಎಲ್ಲವೂ ಹೋದವು. ಆ ಮನೆಯಲ್ಲಿ ನಾವು ಬಾಯಿ ತೆರೆಯಲು ಹೆದರುತ್ತಿದ್ದೆವು.

ಹೆದರಿಕೆ ಸುಳ್ಳಾಗಲಿಲ್ಲ. ಬಾಣಸವಾಡಿಯ ಒಂದು ಗಣೇಶನ ಕಾರ್ಯಕ್ರಮದಲ್ಲಿ ಒಂದು ಒಲವಿನ ಹಾಡು ನಡೆಯುತ್ತಿತ್ತು. ಗಾಯಕಿ ಕಣ್ಣು ಮುಚ್ಚಿಕೊಂಡು, ಉಸಿರು ಬಿಗಿಹಿಡಿದು, ಮೆಲ್ಲಗೆ ಎತ್ತರದ ಸ್ವರಕ್ಕೆ ಹೋಗಿ ನಿಂತಳು. ಅಲ್ಲಿ ಭಾವ ಒಂದು ಗೆಜ್ಜೆಯ ಸದ್ದು ಕೊಡಬೇಕಿತ್ತು. ಪಕ್ಕದ ಚೌಕ ಒತ್ತಿದರು. ಆಳೆತ್ತರದ ನಾಲ್ಕು ಸ್ಪೀಕರುಗಳಲ್ಲಿ ನಮ್ಮಕ್ಕನ ದನಿ ಮೊಳಗಿತು: "ರೀ, ಹಾಲು ಉಕ್ತಾ ಇದೆ, ಕಣ್ಣು ಕಾಣ್ಸಲ್ವಾ?"

ಜನ ಒನ್ಸ್ ಮೋರ್ ಎಂದರು. ಅಕ್ಕ ಮಹಿಳೆಯರ ಸಾಲಿನಲ್ಲೇ ಕೂತಿದ್ದಳು. ಆಮೇಲೆ ಒಂದು ವಾರ ನಮ್ಮ ಭಾವನಿಗೆ ಕಾಫಿ ಸಿಗಲಿಲ್ಲ.

ಇನ್ನು ಶರಣಪ್ಪ. ಈ ಕಥೆಯಲ್ಲಿ ಮುಖ್ಯವಾದವನು ಅವನೇ. ಯಾದಗಿರಿ ಕಡೆಯವನು, ಹೆಂಡತಿಯ ಜೊತೆ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ. ಊರಿನ ಭಜನೆಯಲ್ಲಿ ಡೋಲಕ್ ಬಾರಿಸಿ ಬೆಳೆದ ಕೈ. ಯಾವುದೋ ಗುಡಿಯ ಭಜನೆಯಲ್ಲಿ ಭಾವ ಅವನನ್ನು ಕೇಳಿ, ಎದ್ದು ಹೋಗಿ ಕೈ ಹಿಡಿದು, ಆರ್ಕೆಸ್ಟ್ರಾದ ಯಜಮಾನರ ಮುಂದೆ ತಂದು ಕೂರಿಸಿದ್ದರು. ಅವನು ಬಾರಿಸುತ್ತಿದ್ದರೆ ಊಟದ ಎಲೆಯ ಮುಂದೆ ಕೂತವರ ಕಾಲೂ ಸುಮ್ಮನಿರುತ್ತಿರಲಿಲ್ಲ. ಸಿಮೆಂಟ್ ಹೊತ್ತ ಮೈ ಸಂಜೆ ಮಿಂದು, ಬಿಳಿ ಅಂಗಿ ತೊಟ್ಟು ವೇದಿಕೆ ಹತ್ತಿದರೆ ಬೇರೆಯೇ ಮನುಷ್ಯ. ವಾರಕ್ಕೆ ಒಂದೆರಡು ಸಂಜೆ ಮಾತ್ರ ತಾನು ತಾನಾಗಿರುತ್ತೇನೆ ಎಂದು ಅವನೇ ಅಕ್ಕನ ಹತ್ತಿರ ಒಮ್ಮೆ ಹೇಳಿದ್ದನಂತೆ.

ಅಂಥವನ ಕೈಯನ್ನು ಪೆಟ್ಟಿಗೆಗೆ ಹಾಕಿಕೊಳ್ಳುವ ಆಸೆ ಭಾವನಿಗೆ ಬಂತು. ಬರದೇ ಇರುತ್ತದೆಯೇ? ನನ್ನ ಸೀನನ್ನೇ ಬಿಟ್ಟವರಲ್ಲ! ಒಂದು ಭಾನುವಾರ ಮನೆಯ ರಜಾಯಿ, ಜಮಖಾನ, ಅಕ್ಕನ ಮದುವೆಯ ರೇಷ್ಮೆ ಸೀರೆ, ಎಲ್ಲವನ್ನೂ ಕಿಟಕಿ ಬಾಗಿಲಿಗೆ ನೇತುಹಾಕಿ ನಡುವೆ ಅವನನ್ನು ಕೂರಿಸಿದರು. ಸೆಕೆಗೆ ನಾವೆಲ್ಲ ಇಡ್ಲಿಯಂತೆ ಬೇಯುತ್ತಿದ್ದೆವು.

"ಒಂದೊಂದೇ ಏಟು ಹೊಡಿ ಗುರು. ಒಂದ್ಸಲ ಜೋರಾಗಿ, ಒಂದ್ಸಲ ಮೆತ್ತಗೆ."

"ಒಂದೊಂದೇ ಅಂದ್ರ ಹ್ಯಾಂಗ್ರಿ ಸರ? ಇದು ಬಾರ್ಸೋದಲ್ರಿ, ಮೊಳಿ ಹೊಡಿಯೋದು."

ಸಂಜೆಯವರೆಗೆ ಹೊಡೆಸಿದರು. ಆಮೇಲೆ ಭಾವ ಚೌಕಗಳ ಮೇಲೆ ಬೆರಳಾಡಿಸಿದರು. ಶರಣಪ್ಪನ ಡೋಲಕ್ ಮೂಲೆಯಲ್ಲಿ ಸುಮ್ಮನೆ ಮಲಗಿತ್ತು, ಅದರ ಸದ್ದು ಮಾತ್ರ ಪೆಟ್ಟಿಗೆಯಿಂದ ಬರುತ್ತಿತ್ತು. ಶರಣಪ್ಪ ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಖರೇನ ನಂದೇ ಕೈ ಅದ ನೋಡ್ರಿ. ನಾ ಇಲ್ಲಿ ಕುಂತೀನಿ, ಕೈ ಅಲ್ಲಿ ಅದ."

ನಾವೆಲ್ಲ ನಕ್ಕೆವು. ಅವನೂ ನಕ್ಕ.

ಮರುವರ್ಷ ನನ್ನ ಮದುವೆ. ಆರತಕ್ಷತೆ ಹಲಸೂರಿನದೇ ಛತ್ರದಲ್ಲಿ, ಆರ್ಕೆಸ್ಟ್ರಾ ನಮ್ಮ ಭಾವನದೇ. ಹಿಂದಿನ ದಿನ ವೇದಿಕೆ ನೋಡಲು ಹೋದಾಗ ನನ್ನ ಎದೆ ಧಸಕ್ಕೆಂದಿತು. ವೇದಿಕೆ ಚಿಕ್ಕದು. ಡೋಲಕ್ ಬಾರಿಸುವವನು ಕೂರುವ ಜಾಗ ನಮ್ಮ ಕುರ್ಚಿಗಳಿಗೆ ಅಂಟಿಕೊಂಡೇ ಇತ್ತು. ಅಂದರೆ ಪ್ರತಿ ಫೋಟೋದಲ್ಲಿ ನಾನು, ಗಂಡ, ಪಕ್ಕದಲ್ಲಿ ಒಂದು ಡೋಲಕ್! ಇಪ್ಪತ್ಮೂರು ವರ್ಷದ ಮದುಮಗಳಿಗೆ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಕಷ್ಟ ಯಾವುದಿರುತ್ತದೆ?

"ಭಾವ, ಡೋಲಕ್ಕಿನವರು ಯಾಕೆ? ನಿಮ್ಮ ಪೆಟ್ಟಿಗೇಲೇ ಇದ್ಯಲ್ಲ," ಎಂದೆ. ಆರ್ಕೆಸ್ಟ್ರಾದ ಯಜಮಾನರು ಅಲ್ಲೇ ನಿಂತಿದ್ದರು.

ಭಾವ ತಲೆ ಕೆರೆದುಕೊಂಡರು. "ಹಾಗಲ್ಲ ಪುಟ್ಟಿ, ಅವನು ಬರ್ತಾನೆ ನಾಳೆ. ಹೇಳಿಯಾಗಿದೆ."

"ನನ್ನ ಮದುವೆಗೆ ಇದೊಂದು ಮಾಡ್ಕೊಡಲ್ವಾ?"

ನಾದಿನಿ ಹೀಗೆ ಮುಖ ಊದಿಸಿಕೊಂಡು ಕೇಳಿದರೆ ಯಾವ ಭಾವ ಇಲ್ಲವೆಂದಾನು? ಅವರು ಒಪ್ಪಿಕೊಂಡರು. ಶರಣಪ್ಪನಿಗೆ ಮುಂಚೆ ತಿಳಿಸಲು ಅವನು ಆಗ ಇದ್ದ ಕಟ್ಟಡದಲ್ಲಿ ಫೋನಿರಲಿಲ್ಲ. ಮಾರನೆಯ ದಿನ ಅವನು ಡೋಲಕ್ ಹೊತ್ತು ಬಂದಾಗ ಭಾವ ಛತ್ರದ ಬಾಗಿಲಲ್ಲೇ ತಡೆದು ಹೇಳಿದರು. ಅವನು ಹಾಗೇ ತಿರುಗಿ ಹೋಗಿರಬೇಕು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಅಂದುಕೊಳ್ಳುವಷ್ಟೂ ಪುರಸೊತ್ತು ನನಗಿರಲಿಲ್ಲ, ಉಡುಗೊರೆ ಈಸಿಕೊಳ್ಳುತ್ತಿದ್ದೆ.

ಕಾರ್ಯಕ್ರಮ ಸೊಗಸಾಗಿ ಆಯಿತು. ಕೆಟ್ಟದ್ದು ಅದೇ. ಪೆಟ್ಟಿಗೆಯ ಡೋಲಕ್ಕಿಗೂ ನಿಜದ ಡೋಲಕ್ಕಿಗೂ ವ್ಯತ್ಯಾಸ ಯಾರಿಗೂ ತಿಳಿಯಲಿಲ್ಲ ಎಂಬುದು ಯಜಮಾನರಿಗೆ ತಿಳಿದುಹೋಯಿತು. ಆಮೇಲೆ ಅವರು ಶರಣಪ್ಪನನ್ನು ಕರೆಯಲೇ ಇಲ್ಲ. ಭಾವ ವಾದ ಮಾಡಿದರು, ಜಗಳ ಆಡಿದರು, ಕೊನೆಗೆ ತಾವೂ ಆ ಆರ್ಕೆಸ್ಟ್ರಾ ಬಿಟ್ಟರು. ಅಷ್ಟರಲ್ಲಿ ಊರಿನ ಬೇರೆ ಆರ್ಕೆಸ್ಟ್ರಾಗಳಿಗೂ ಒಂದೊಂದು ಪೆಟ್ಟಿಗೆ ಬಂದಿತ್ತು. ಶರಣಪ್ಪ ಹೊರಮಾವಿನಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟುಗಳ ಕೆಲಸಕ್ಕೆ ಹೋದ. ಡೋಲಕ್ಕನ್ನು ಊರಿಗೆ, ಅಣ್ಣನ ಮಗನಿಗೆ ಕಳಿಸಿಬಿಟ್ಟನಂತೆ.

ಇನ್ನೊಂದು ವಿಷಯ ಅಕ್ಕ ಹೇಳಿದಳು. ಛತ್ರದ ಬಾಗಿಲಲ್ಲಿ ಭಾವ ಅವನಿಗೆ ನನ್ನ ಹೆಸರು ಹೇಳಿರಲಿಲ್ಲ. "ನಾನೇ ಬೇಡ ಅಂದೆ, ಜಾಗ ಇಲ್ಲ ಶರಣ," ಎಂದಿದ್ದರಂತೆ. ಅದನ್ನು ಕೇಳಿ ನನಗೆ ಸಂಕಟವಾಯಿತು, ಜೊತೆಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಲಿನಕ್ಸ್ ಬಂದದ್ದು ಇದಾದ ಕೆಲವು ವರ್ಷಗಳ ಮೇಲೆ. ಭಾವ ಒಂದು ಹಳೆಯ ಕಂಪ್ಯೂಟರ್ ತಂದಿದ್ದರು, ಯಾವುದೋ ಪತ್ರಿಕೆಯ ಜೊತೆ ಬಂದ ಸಿಡಿಯಲ್ಲಿ ಲಿನಕ್ಸ್ ಸಿಕ್ಕಿತು. ಅದೇನು ಎಂದು ನನಗೆ ಅರ್ಥವಾದದ್ದು ಹೀಗೆ. ಪ್ರತಿ ಯಂತ್ರದ ಒಳಗೂ ನಮ್ಮಕ್ಕನಂಥ ಒಬ್ಬಳು ಯಜಮಾನಿ ಇರುತ್ತಾಳೆ, ಯಾರು ಯಾವಾಗ ಏನು ಮಾಡಬೇಕು ಎಂದು ಹೇಳುವವಳು ಅವಳೇ. ಸಾಮಾನ್ಯವಾಗಿ ಅವಳನ್ನು ಕಂಪನಿಯವರು ಬೀಗ ಹಾಕಿ ಕೂರಿಸಿರುತ್ತಾರೆ. ನಮ್ಮ ವಠಾರದಲ್ಲಿ ಸಾರಿನ ಪುಡಿ ಕೇಳಿದರೆ ಪುಡಿ ಕೊಡುತ್ತಾರೆ, ಮಾಡುವ ಕ್ರಮ ಹೇಳುವಾಗ ಒಂದು ಸಾಮಾನು ನುಂಗಿಬಿಡುತ್ತಾರಲ್ಲ, ಹಾಗೆ. ಲಿನಕ್ಸಿನವರು ಪುಡಿಯ ಜೊತೆಗೆ ಪೂರ್ತಿ ಕ್ರಮವನ್ನೂ ಬರೆದು ಕೊಟ್ಟಿದ್ದರು. ಯಾರು ಬೇಕಾದರೂ ತಿದ್ದಬಹುದು, ಮುಂದಕ್ಕೆ ಹಂಚಬಹುದು. ಮೊದಲು ಮಾಡಿದವರ ಹೆಸರು ಮಾತ್ರ ಅಳಿಸುವಂತಿಲ್ಲ.

ಭಾವನನ್ನು ಹಿಡಿದು ಕೂರಿಸಿದ್ದು ಈ ಕೊನೆಯ ಮಾತು. ಒಂದು ದಿನ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಉದ್ದುದ್ದ ಪಟ್ಟಿ ತೋರಿಸಿದರು.

"ನೋಡು, ಎಲ್ಲೆಲ್ಲೋ ಕೂತು ಒಬ್ಬೊಬ್ಬರು ನಾಕ್ನಾಕು ಸಾಲು ಬರ್ದಿದಾರೆ. ನಾಕು ಸಾಲು ಬರ್ದವನ ಹೆಸರೂ ಇದೆ ಇಲ್ಲಿ. ನಮ್ಮ ಪೆಟ್ಟಿಗೇಲಿ ಶರಣಪ್ಪನ ಹೆಸರು ಎಲ್ಲಿದೆ ಹೇಳು?"

ಎಲ್ಲೂ ಇರಲಿಲ್ಲ. ಸ್ವಿಚ್ ಹಾಕಿದರೆ ಪರದೆಯ ಮೇಲೆ ಕಂಪನಿಯ ಹೆಸರು ಬರುತ್ತಿತ್ತು. ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಡೋಲಕ್ ಒಂದು’ ಎಂದಿಷ್ಟೇ. ಕನ್ನಡ ಅಕ್ಷರ ಮೂಡಿಸುವ ಶಕ್ತಿ ಆ ಪೆಟ್ಟಿಗೆಗಿರಲಿಲ್ಲ. ಕಂಪನಿಯ ಯಜಮಾನಿಯನ್ನು ಕಿತ್ತು ಲಿನಕ್ಸನ್ನು ಕೂರಿಸಿದರೆ ಪರದೆ ನಮ್ಮ ಮಾತು ಕೇಳುತ್ತದೆ, ಸ್ವಿಚ್ ಹಾಕಿದೊಡನೆ ಕನ್ನಡದಲ್ಲಿ ಶರಣಪ್ಪನ ಹೆಸರು ಬರಬೇಕು, ಹೆಸರು ಬಂದ ಮೇಲೆಯೇ ಡೋಲಕ್ ನುಡಿಯಬೇಕು. ಇದು ಭಾವನ ಪ್ರತಿಜ್ಞೆ. ಇದಕ್ಕೆಲ್ಲ ಮೂಲ ನಾನೇ ಎಂದು ನನಗೆ ಗೊತ್ತಿತ್ತು. ಆದರೂ ಅವತ್ತು ನಾನು ಹೇಳಿದ್ದೇನು ಗೊತ್ತೇ? "ಭಾವ, ಒಂದು ಸ್ಟಿಕ್ಕರ್ ಬರೆಸಿ ಅಂಟಿಸಿಬಿಡಿ, ಸುಲಭ," ಎಂದೆ.

ಅಲ್ಲಿಂದ ಮುಂದೆ ಆ ಮನೆ ಮನೆಯಾಗಿ ಉಳಿಯಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟು ವರ್ಷಗಳಾದವು. ಅದರಿಂದ ಕಂಪ್ಯೂಟರಿಗೆ ಒಂದು ತಂತಿ ದೇವರ ಕೋಣೆ ಹಾದು ಹೋಗುತ್ತಿತ್ತು, ಅಕ್ಕ ಅದನ್ನು ದಾಟಿಯೇ ದೀಪ ಹಚ್ಚಬೇಕು. ಕಂಪನಿಯ ಬುದ್ಧಿಯೆಲ್ಲ ಒಂದು ಚಿಪ್‌ನಲ್ಲಿತ್ತು. ಅದನ್ನು ಕಿತ್ತು ತಾವು ಬರೆಸಿದ ಚಿಪ್ ಹಾಕುವುದು, ಕೈಮುಗಿದು ಸ್ವಿಚ್ ಒತ್ತುವುದು, ಏನೂ ಆಗದಿರುವುದು, ಇದೇ ಪ್ರತಿ ಭಾನುವಾರದ ಪೂಜೆ. ಶರಣಪ್ಪನ ಸದ್ದುಗಳು ಬೇರೆ ಫ್ಲಾಪಿಗಳಲ್ಲಿ ಭದ್ರವಾಗಿದ್ದವು. ಅವನ್ನು ಭಾವ ಬೀರುವಿನಲ್ಲಿ ಅಕ್ಕನ ಒಡವೆಯ ಪಕ್ಕ ಇಟ್ಟಿದ್ದರು.

ಕೊನೆಗೊಂದು ಭಾನುವಾರ ಪರದೆಯ ಮೇಲೆ ಅಕ್ಷರಗಳು ಮೂಡಿದವು. ಭಾವ ವಠಾರವನ್ನೇ ಕೂಗಿ ಕರೆದರು. ನಾವೆಲ್ಲ ಬಂದು ನಿಂತೆವು. ಸಾಲು ಮೇಲೆ ಸಾಲು ಉರುಳುತ್ತಲೇ ಇತ್ತು, ಅಕ್ಕ ಒಳಗಿಟ್ಟ ಅನ್ನ ಬೆಂದರೂ ಮುಗಿಯಲಿಲ್ಲ. ಎದುರು ಮನೆಯ ಅಜ್ಜಿ, "ಇದು ಯಾವ ಸೀರಿಯಲ್ಲಪ್ಪ?" ಎಂದು ಕೇಳಿದರು. ಕೊನೆಗೆ ಎಲ್ಲ ನಿಂತು ಒಂದು ಗೆರೆ ಮಿನುಗತೊಡಗಿತು. ಭಾವ ತೆಂಗಿನಕಾಯಿ ಒಡೆದರು. ಅಕ್ಕ ಒಂದು ಚೌಕ ಒತ್ತಿದಳು. ಸದ್ದಿಲ್ಲ.

"ಸದ್ದು ಬರಲ್ವಾ?"

"ಸದ್ದು ಮಾಡೋ ಭಾಗಕ್ಕೆ ಕಂಪನಿಯವರು ಎಲ್ಲೂ ವಿವರ ಬರ್ದಿಟ್ಟಿಲ್ಲ. ಅದನ್ನ ನಾವೇ ಕಂಡುಹಿಡೀಬೇಕು. ಆದ್ರೆ ಈಗ ಇದು ಸ್ವತಂತ್ರ ಕಣೆ."

"ಬಾಯಿ ಹೋದ ಮೇಲೆ ಸ್ವತಂತ್ರ," ಎಂದು ಅಕ್ಕ ಕಾಯಿ ಹೋಳನ್ನು ಚಟ್ನಿಗೆ ಎತ್ತಿಕೊಂಡು ಹೋದಳು.

ಆದರೆ ಹೆಸರು ಮೂಡಿಸಿದ್ದು ಅಕ್ಕನೇ. ಪರದೆ ಎಂದರೆ ಬರೀ ಚುಕ್ಕಿಗಳು, ಎತ್ತರ ತೀರಾ ಕಡಿಮೆ. ಭಾವ ಗ್ರಾಫ್ ಹಾಳೆಯಲ್ಲಿ ಚೌಕ ತುಂಬಿ ತುಂಬಿ ಸೋತಿದ್ದರು. ಶ, ರ, ಣ ಹೇಗೋ ಕೂತವು, ‘ಪ್ಪ’ದ ಒತ್ತು ಪರದೆಯಿಂದ ಕೆಳಗೆ ಬಿದ್ದುಹೋಗುತ್ತಿತ್ತು. ಅಕ್ಕ ಸೌಟು ಹಿಡಿದೇ ಬಂದು ನೋಡಿದಳು. ಹದಿನೈದು ಚುಕ್ಕಿ ಹದಿನೈದು ಸಾಲಿನ ರಂಗೋಲಿಯನ್ನು ತಪ್ಪಿಲ್ಲದೆ ಎಳೆಯುವವಳು ಅವಳು. "ಮೇಲಿನ ಪ ಎರಡು ಚುಕ್ಕಿ ಚಿಕ್ಕದು ಮಾಡಿ, ಒತ್ತನ್ನ ಪಕ್ಕಕ್ಕೆ ಎಳೀರಿ," ಎಂದು ಪೆನ್ಸಿಲ್ ಕಿತ್ತುಕೊಂಡು ತಾನೇ ಹಾಕಿ ತೋರಿಸಿದಳು. ಇಷ್ಟು ವರ್ಷ ಬೈದವಳು ಅವತ್ತು ಭಾವನ ಪಕ್ಕ ಕೂತು ಮಧ್ಯಾಹ್ನವಿಡೀ ಚುಕ್ಕಿ ಎಣಿಸಿದಳು.

ಸದ್ದು ಮಾತ್ರ ಬರಲಿಲ್ಲ. ವರ್ಷ ಕಳೆಯಿತು, ಇನ್ನೊಂದೂ ಕಳೆಯಿತು. ಒಂದು ದಿನ ಭಾವ, ಹೆಸರನ್ನಾದರೂ ಅವನಿಗೆ ತೋರಿಸಿ ಬರುತ್ತೇನೆ ಎಂದು ಎದ್ದರು. ಶರಣಪ್ಪ ಆಗ ಕಗ್ಗದಾಸಪುರದಲ್ಲಿ ಬಾಡಿಗೆಯ ಒಂದು ಕೋಣೆಯಲ್ಲಿದ್ದ. ಅಕ್ಕ ನನಗೆ ಫೋನ್ ಮಾಡಿ, "ನೀನೂ ಜೊತೆಗೆ ಹೋಗು. ಇದು ನಿಂಗೂ ಸೇರಿದ್ದು," ಎಂದಳು. ನಾನು ಇಂದಿರಾನಗರದಲ್ಲಿ ಬಸ್ ಹತ್ತಿ ಭಾವನ ಪಕ್ಕ ಕೂತೆ. ಪೆಟ್ಟಿಗೆ ಅವರ ತೊಡೆಯ ಮೇಲಿತ್ತು, ಸ್ಪೀಕರ್ ನನ್ನ ತೊಡೆಯ ಮೇಲೆ. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಶರಣಪ್ಪ ಬಡವಾಗಿದ್ದ, ಕೂದಲು ನೆರೆತಿತ್ತು. ನನ್ನನ್ನು ನೋಡಿ, "ಬರ್ರಿ ತಂಗೆಮ್ಮಾ," ಎಂದು ಚಾಪೆ ಹಾಸಿದ. ಭಾವ ಸ್ವಿಚ್ ಹಾಕಿದರು. ಸಾಲುಗಳು ಉರುಳಿ ಮುಗಿಯುವವರೆಗೆ ಅವನು ಕೈಕಟ್ಟಿ ಕೂತಿದ್ದ. ಆಮೇಲೆ ಪರದೆ ಖಾಲಿಯಾಗಿ ಹೆಸರು ಬಂತು. ಅವನು ಬೆರಳಿಟ್ಟು ಓದಿದ. ಹೆಂಡತಿಯನ್ನು ಕರೆದು ತೋರಿಸಿದ. "ಚಂದ ಕಾಣ್ತದ್ರಿ ಸರ," ಎಂದ. ಆಮೇಲೆ ಒಂದು ಚೌಕ ಒತ್ತಿದ, ಇನ್ನೊಂದು ಒತ್ತಿದ.

"ಸದ್ದು ಇನ್ನೂ ಬಂದಿಲ್ಲ ಶರಣ," ಎಂದರು ಭಾವ. "ಇನ್ನೊಂದ್ವರ್ಷ ಟೈಮ್ ಕೊಡು ನಂಗೆ."

ಶರಣಪ್ಪ ಚೌಕದಿಂದ ಬೆರಳು ತೆಗೆದ.

"ಸರ, ಸಿಟ್ಟಾಗ್ಬ್ಯಾಡ್ರಿ. ಮೊದಲಿನ್ದು ಹಾಕಿದ್ರ ಸಪ್ಪಳ ಬರ್ತದೇನು?"

"ಬರುತ್ತೆ. ಆದ್ರೆ ನಿನ್ನ ಹೆಸರು ಹೋಗುತ್ತೆ."

"ಹೋಗ್ಲಿ ಬಿಡ್ರಿ. ನನ್ನ ಹೆಸ್ರು ನಂಗ ಗೊತ್ತದ. ಕೈ ಹ್ಯಾಂಗಿತ್ತು ಅನ್ನೋದ ಮರ್ತೀನಿ."

ಭಾವ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಮುಚ್ಚಳ ಬಿಚ್ಚಿದರು. ಅಷ್ಟು ವರ್ಷದ ತಮ್ಮ ಕೆಲಸವನ್ನು ಕಿತ್ತು ಪಕ್ಕಕ್ಕಿಟ್ಟು, ಚೀಲದಲ್ಲಿ ಫ್ಲಾಪಿಗಳ ಜೊತೆ ತಂದಿದ್ದ ಕಂಪನಿಯ ಚಿಪ್ ಕೂರಿಸಿದರು. ಪರದೆಯ ಮೇಲೆ ಕಂಪನಿಯ ಹೆಸರು ಬಂತು. ಫ್ಲಾಪಿ ಹಾಕಿದರು, ಅದು ಗುರ್ ಎಂದು ಓದಿಕೊಂಡಿತು. ಆಮೇಲೆ ಭಾವ ಬಾರಿಸಿದರು, ಅಂದರೆ ಶರಣಪ್ಪನ ಹಳೆಯ ಕೈ ಬಾರಿಸಿತು. ಆ ಸಣ್ಣ ಕೋಣೆ ತುಂಬಿಹೋಯಿತು. ಶರಣಪ್ಪ ಪಕ್ಕದಲ್ಲಿದ್ದ ಹಿಟ್ಟಿನ ಡಬ್ಬಿಯನ್ನು ಎಳೆದುಕೊಂಡು ಜೊತೆಗೆ ಬಾರಿಸಲು ನೋಡಿದ. ಸಿಮೆಂಟು ತಿಂದ ಬೆರಳುಗಳು ಬಾಗಲಿಲ್ಲ. ಎರಡು ಸುತ್ತು ಹಿಂದೆಬಿದ್ದು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೇಳಿದ.

"ಆ ಹುಡುಗ ಚಲೋ ಬಾರಿಸ್ತಿದ್ದ ಸರ," ಎಂದ.

ನಾನು ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. "ಶರಣಪ್ಪ, ಅವತ್ತು ನಿಮ್ಮನ್ನ ಬೇಡ ಅಂದಿದ್ದು ಭಾವ ಅಲ್ಲ. ನಾನು. ಫೋಟೋ ಕೆಡುತ್ತೆ ಅಂತ," ಎಂದೆ. ಅಳು ಬಂತು.

ಶರಣಪ್ಪ ಪೆಟ್ಟಿಗೆಯ ಸ್ವಿಚ್ ಆರಿಸಿದ. ಹೋಗಲಿ ಬಿಡಿ ಎನ್ನಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿಗೆ, "ತಂಗೆಮ್ಮಗ ಒಂದು ತಾಟು ಹಚ್ಚು," ಎಂದ.

"ಬೇಡ, ಹೊರಡ್ತೀವಿ," ಎಂದು ಎದ್ದೆ. ಆ ಮನೆಯ ಅನ್ನ ಉಣ್ಣುವ ಮುಖ ನನಗಿರಲಿಲ್ಲ.

"ಉಂಡೇ ಹೋಗ್ಬೇಕು ತಂಗೆಮ್ಮಾ," ಎಂದ ಶರಣಪ್ಪ. "ಅವತ್ತು ನಿಮ್ಮ ಮದುವ್ಯಾಗ ನಾನೂ ಉಂಡೇ ಹೋಗೀನಿ. ಕಡೀ ಸಾಲಿನಾಗ ಕುಂತು, ನನ್ನ ಡೋಲಕ್ ಕೇಳ್ಕೋತ."

ನಾನು ಕೂತೆ. ರೊಟ್ಟಿ ಮುರಿದು ಬಾಯಿಗಿಟ್ಟೆ.